ಊರು ಬಿಡುವ ಮುಂಚೆ ಊರಲ್ಲೇ ಮುಗಿಸಬೇಕಾದ ಕೆಲಸ

ಬಾಗಲಕೋಟೆಯ ನವನಗರದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಬೆನ್ನಿಗೊಂದು ಚೀಲ ಹಾಕಿಕೊಂಡು ನಾಲ್ಕಾರು ತಿಂಗಳು ಹೊರದೇಶ ಸುತ್ತಿ ಬರಬೇಕು ಅನ್ನುವ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲೂ ಈಗ ಜಾಸ್ತಿ ಆಗಿದ್ದಾರೆ. ನನಗೆ ಇದು ನಿಜಕ್ಕೂ ಖುಷಿಯ ವಿಷಯ. ಅವರು ನನ್ನ ಹತ್ತಿರ ಬಂದಾಗ ಕೇಳುವ ಮೊದಲ ಪ್ರಶ್ನೆ ಚೀಲದ್ದೇ. ಯಾವ ಕಂಪನಿಯದು ತಗೊಳ್ಳಲಿ, ಎಷ್ಟು ಲೀಟರಿನದು, ಮಳೆಗೆ ನೆನೆಯುತ್ತದೋ ಇಲ್ಲವೋ. ಆಮೇಲೆ ಬೂಟು, ಜಾಕೆಟ್ಟು, ಕ್ಯಾಮೆರಾ. ನಿಮ್ಮ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ ಅಂತ ನಾನು ತಿರುಗಿ ಕೇಳಿದರೆ, 'ಅದನ್ನ ಆಮೇಲೆ ನೋಡಿದರಾಯ್ತು' ಅನ್ನುತ್ತಾರೆ.

ಚೀಲ, ಬೂಟು, ಸಾಬೂನು ಬ್ಯಾಂಕಾಕಿನಲ್ಲೂ ಸಿಗುತ್ತವೆ. ಕಠ್ಮಂಡುವಿನ ಥಮೇಲ್ ಬೀದಿಯಲ್ಲಿ ಚಳಿಯ ಜಾಕೆಟ್ಟು ಬಾಡಿಗೆಗೂ ಸಿಗುತ್ತದೆ. ಆದರೆ ನಿಮ್ಮ ಸಿಮ್ ಕಳೆದರೆ ಅದೇ ನಂಬರಿನ ಇನ್ನೊಂದು ಸಿಮ್ ಅಲ್ಲಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೆಸರು ತಪ್ಪಿದ್ದರೆ ದಾರಿಯಲ್ಲಿ ತಿದ್ದಿಸುವುದು ಸುಲಭವಲ್ಲ. ಪ್ರಯಾಣದ ಇನ್ಶೂರೆನ್ಸ್ ಕೂಡ ನಮ್ಮ ಎಷ್ಟೋ ಕಂಪನಿಗಳು ನೀವು ಭಾರತದಲ್ಲಿ ಇರುವಾಗಲೇ ಕೊಡುತ್ತವೆ, ಹೋದ ಮೇಲೆ ಕೊಡುವುದಿಲ್ಲ. ಹಾಗಾಗಿ ಎಲ್ಲ ಕೆಲಸವನ್ನೂ ಮೊದಲು ಎರಡು ಪಾಲು ಮಾಡಿ. ಅಲ್ಲಿ ಹೋಗಿಯೂ ಮಾಡಬಹುದಾದದ್ದು ಒಂದು ಪಾಲು. ಇಲ್ಲಿಂದ ಮಾತ್ರ ಆಗುವುದು ಇನ್ನೊಂದು. ನಿಮ್ಮ ಸಮಯ, ದುಡ್ಡು, ತಲೆ ಎಲ್ಲ ಎರಡನೆಯದಕ್ಕೆ ಹೋಗಬೇಕು. ಇವತ್ತು ನಾನು ಮಾತಾಡುವುದು ಬಹುಪಾಲು ಅದರ ಬಗ್ಗೆಯೇ.

ಯುಗಾದಿಗೆ ಮುಂಚೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವವರನ್ನು ನೋಡಿದ್ದೀರಿ ಅಲ್ವಾ? ಅವರ ಗಂಟು ಎಷ್ಟು ಸಣ್ಣದು! ದಾರಿಯುದ್ದಕ್ಕೂ ಊಟ, ನೀರು, ಮಲಗಲು ಜಾಗ ಸಿಗುತ್ತದೆ ಅಂತ ಅವರಿಗೆ ಗೊತ್ತು. ಹಾಗಾಗಿ ಅದನ್ನು ಹೊರುವುದಿಲ್ಲ. ಆದರೆ ಹೊಲದ ಕೆಲಸ ಯಾರ ಪಾಲಿಗೆ, ದನಗಳನ್ನು ಯಾರು ನೋಡಿಕೊಳ್ಳಬೇಕು, ಯಾರ ಸಾಲದ ಕಂತು ಯಾವಾಗ ಕಟ್ಟಬೇಕು ಅನ್ನುವುದನ್ನು ಇತ್ಯರ್ಥ ಮಾಡದೆ ಅವರು ಮನೆ ಬಿಡುವುದಿಲ್ಲ. ದೂರ ಹೋಗುವ ವಿದ್ಯೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ.

ಮೊದಲು ಕಾಗದಪತ್ರ. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೇ ಬಾಗಲಕೋಟೆಯ ಮನೆ ಬಿಟ್ಟು ಈ ನವನಗರಕ್ಕೆ ಬಂದ ಹಿರಿಯರು ಇಲ್ಲಿ ಕುಳಿತಿದ್ದೀರಿ. ಮನೆಯ ಉತಾರ ಎಲ್ಲಿದೆ, ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿದವರು ನೀವು. ಒಂದು ಅಕ್ಷರ ತಪ್ಪಿದರೆ ಎಷ್ಟು ಅಲೆಯಬೇಕಾಗುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಕ್ಕಳು ಪಾಸ್‌ಪೋರ್ಟಿನ ಅರ್ಜಿ ತುಂಬುವಾಗ ದಯವಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ.

ನಮ್ಮ ಭಾಗದಲ್ಲಿ ಒಬ್ಬರಿಗೆ ತಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು ಬಂದಿರುತ್ತದೆ. ಆಧಾರಿನಲ್ಲಿ ಅದು ಕೊನೆಗೆ. ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಇರುವುದು ಎರಡು ಕಾಲಂ. ಅಡ್ಡಹೆಸರಿಗೆ ಒಂದು, ಉಳಿದ ಹೆಸರಿಗೆ ಒಂದು. ಎಷ್ಟೋ ಜನ ಅಡ್ಡಹೆಸರಿನ ಕಾಲಂ ಖಾಲಿ ಬಿಟ್ಟು ಒಂದೇ ಪದದ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದಾರೆ. 2022ರ ನವೆಂಬರಿನಲ್ಲಿ ಯುಎಇ ಅಂಥ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಅಂದಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರು ಇದ್ದವರಿಗೆ ವಿನಾಯಿತಿ ಕೊಟ್ಟಿತು. ದುಬೈನಲ್ಲಿ ವಿಮಾನ ಬದಲಿಸುವಾಗ ಎರಡು ದಿನ ಊರು ನೋಡೋಣ ಅಂದುಕೊಂಡವರಿಗೆ ಇದೇ ಸಾಕು ತಲೆನೋವಿಗೆ.

ಊರಿನ ಹೆಸರಿನದೂ ಇದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಅಲ್ಲಿ ಅದಕ್ಕಿಂತ ಮುಂಚೆ ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಹಳೇ ಹೆಸರು, ಈಚಿನ ಕಾಗದಗಳಲ್ಲಿ ಹೊಸ ಹೆಸರು ಇರಬಹುದು. ವೀಸಾ ಅರ್ಜಿಯಲ್ಲಿ ನಿಮ್ಮ ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಸರಿಯಾದ ಹೆಸರು ಇದು ಅಂತ ನೀವೇ ತಿದ್ದಲು ಹೋಗಬೇಡಿ. ವಿಮಾನದ ಟಿಕೆಟ್ಟಿಗೂ ಇದೇ ಮಾತು.

ಪಾಸ್‌ಪೋರ್ಟ್ ಮಾಡಿಸುವುದು ಈಗ ಕಷ್ಟವೇನಲ್ಲ. ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರ ಇದೆ. ಬೆಳಗಾವಿ, ವಿಜಯಪುರದ ಅಂಚೆ ಕಚೇರಿಗಳಲ್ಲೂ ಆಗುತ್ತದೆ. ದೊಡ್ಡವರ ಪಾಸ್‌ಪೋರ್ಟಿಗೆ 10 ವರ್ಷ ಆಯುಸ್ಸು. 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ತಿಂಗಳುಗಟ್ಟಲೆ ತಿರುಗುವವರು 60 ಪುಟದ್ದನ್ನೇ ತೆಗೆದುಕೊಳ್ಳಿ. ಕೆಲವು ದೇಶಗಳ ವೀಸಾ ಒಂದು ಇಡೀ ಪುಟ ತಿನ್ನುತ್ತದೆ. ಆಯುಸ್ಸು ಇನ್ನೂ 6 ತಿಂಗಳು ಉಳಿದಿರಬೇಕು ಅನ್ನುವುದು ಬಹಳ ದೇಶಗಳ ನಿಯಮ. ಆ 6 ತಿಂಗಳನ್ನು ನೀವು ಊರು ಬಿಡುವ ದಿನದಿಂದ ಎಣಿಸಬೇಡಿ. ಕೊನೆಯ ದೇಶಕ್ಕೆ ಕಾಲಿಡುವ ದಿನದಿಂದ ಎಣಿಸಿ. ಪಾಸ್‌ಪೋರ್ಟ್ ಮುಗಿಯಲು ಒಂದು ವರ್ಷ ಇದೆ ಅಂದರೆ, ದೀರ್ಘ ಪ್ರಯಾಣಕ್ಕೆ ಮುಂಚೆಯೇ ಹೊಸದು ಮಾಡಿಸಿಬಿಡುವುದು ವಾಸಿ.

ಇನ್ನು ವೀಸಾ. ಇಲ್ಲಿ ಮುಖ್ಯವಾದದ್ದು ಯಾವ ದೇಶ ಮೊದಲು, ಯಾವುದು ಆಮೇಲೆ ಅನ್ನುವ ಲೆಕ್ಕ. ಯುರೋಪಿನ ಬಹಳ ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ನೋಡಿ. ನೀವು ವಾಸ ಇರುವ ದೇಶದಿಂದಲೇ ಅರ್ಜಿ ಹಾಕಬೇಕು. ಪ್ರವಾಸಿಯಾಗಿ ಥೈಲ್ಯಾಂಡಿಗೆ ಹೋಗಿ ಅಲ್ಲಿಂದ ಯುರೋಪಿಗೆ ಹಾಕುತ್ತೇನೆ ಅಂದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹೋಗುವ ದಿನಕ್ಕೆ 6 ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, 15 ದಿನಕ್ಕಿಂತ ತಡವಾಗಿಯೂ ಹಾಕುವಂತಿಲ್ಲ. ಬೆರಳಚ್ಚು ಕೊಡಲು ನಮ್ಮ ಕಡೆಯವರು ಬೆಂಗಳೂರು, ಪುಣೆಯಂಥ ಊರಿಗೆ ಹೋಗಬೇಕು. ಕನಿಷ್ಠ 30,000 ಯೂರೋ ಚಿಕಿತ್ಸೆಯ ಇನ್ಶೂರೆನ್ಸ್ ತೋರಿಸಬೇಕು. ವೀಸಾ ಸಿಕ್ಕ ಮೇಲೂ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿ ಇರಬಹುದು. ಅದೂ ನಿಮ್ಮ ವೀಸಾದ ಮೇಲೆ ಅಷ್ಟು ದಿನ ಬರೆದಿದ್ದರೆ.

ವಿಯೆಟ್ನಾಮ್ ಹಾಗಲ್ಲ. 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡುತ್ತಿದೆ. ಒಂದು ಸಲ ಒಳಹೋಗಲು 25 ಡಾಲರ್. ದಾರಿಯಲ್ಲಿ ಯಾವ ಊರಿನಲ್ಲಿ ಕುಳಿತಾದರೂ ಅರ್ಜಿ ಹಾಕಬಹುದು. ಇಂಡೊನೇಷ್ಯಾದಲ್ಲಿ ಇಳಿದ ಮೇಲೆ 5 ಲಕ್ಷ ರುಪಾಯಾ ಕಟ್ಟಿದರೆ 30 ದಿನ ಸಿಗುತ್ತದೆ, ಒಂದು ಸಲ ಇನ್ನೂ 30 ದಿನಕ್ಕೆ ಮುಂದುವರಿಸಬಹುದು. ಆ 5 ಲಕ್ಷ ಕೇಳಿ ಗಾಬರಿಯಾಗಬೇಡಿ, ಅದು ಅವರ ರುಪಾಯಾ! ಹೀಗಿರುವಾಗ ಯುರೋಪ್, ಏಷ್ಯಾ ಎರಡನ್ನೂ ನೋಡುವ ಆಸೆ ಇರುವವರು ಯುರೋಪನ್ನು ಮೊದಲಿಗೆ ಇಟ್ಟುಕೊಳ್ಳಬೇಕು. ಇಲ್ಲಿಂದ ವೀಸಾ ಮಾಡಿಸಿಕೊಂಡು ಅಲ್ಲಿ ಮುಗಿಸಿ, ಆಮೇಲೆ ನಿಧಾನವಾಗಿ ಪೂರ್ವಕ್ಕೆ ಬನ್ನಿ. ಟಿಕೆಟ್ ಅಗ್ಗ ಇದೆ ಅಂತ ಇದನ್ನು ತಿರುಗಿಸಿದರೆ, ಮಧ್ಯದಲ್ಲಿ ಒಮ್ಮೆ ಮನೆಗೆ ಬರಬೇಕಾಗುತ್ತದೆ.

ವೀಸಾ ನಿಯಮ ಯಾವಾಗ ಬೇಕಾದರೂ ಬದಲಾಗುತ್ತದೆ. ನಾನು ಹೇಳಿದ್ದನ್ನೂ ನಂಬಿ ಟಿಕೆಟ್ ತೆಗೆಯಬೇಡಿ. ಆ ದಿನ ಆ ದೇಶದ ಸರ್ಕಾರಿ ವೆಬ್‌ಸೈಟ್ ತೆರೆದು ನೋಡಿ. ವಿಳಾಸದಲ್ಲಿ 'ಡಾಟ್ ಗವ್' ಅಥವಾ 'ಡಾಟ್ ಗೋ' ಇದೆಯಾ ಗಮನಿಸಿ. ಸರ್ಕಾರದ್ದೇ ಅನ್ನುವಂತೆ ಕಾಣುವ, ಎರಡು ಮೂರು ಪಟ್ಟು ದುಡ್ಡು ಕೀಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂರಬೇಕು ಅಂದುಕೊಂಡಿರುವ ವಿಷಯ. ಫೋನು ಮತ್ತು ದುಡ್ಡು. ಇವು ಎರಡಲ್ಲ, ನಮಗೆ ಈಗ ಒಂದೇ ಆಗಿಬಿಟ್ಟಿವೆ. ಬ್ಯಾಂಕು, ಇಮೇಲ್, ವಾಟ್ಸಾಪ್, ಡಿಜಿಲಾಕರ್ ಎಲ್ಲವೂ ಒಂದೇ ನಂಬರಿಗೆ ಬರುವ ಓಟಿಪಿ ಮೇಲೆ ನಿಂತಿವೆ. ಆ ಫೋನು ಹನೋಯ್ ಬಸ್ಸಿನಲ್ಲಿ ಕಳೆದುಹೋಯಿತು ಅಂತ ಇಟ್ಟುಕೊಳ್ಳಿ. ಹೊಸ ಫೋನು ಅಲ್ಲೇ ಸಿಗುತ್ತದೆ. ಹೊಸ ಸಿಮ್ ಬೇಕೆಂದರೆ ನೀವು ಗುರುತಿನ ಚೀಟಿ ಹಿಡಿದು ಇಲ್ಲಿನ ಅಂಗಡಿಯ ಮುಂದೆ ನಿಲ್ಲಬೇಕು. ಅಲ್ಲಿಯವರೆಗೆ ಬ್ಯಾಂಕಿನ ಆಪ್ ತೆರೆದು ಕಾರ್ಡ್ ಬ್ಲಾಕ್ ಮಾಡಲು ಆಗದು, ದುಡ್ಡು ಕಳಿಸಲು ಆಗದು, ಇಮೇಲ್ ತೆರೆಯಲೂ ಆಗದು. ಒಂದು ಸಣ್ಣ ಚಿಪ್ಪಿನಿಂದ ಇಡೀ ಪ್ರಯಾಣ ನಿಂತುಹೋಗುತ್ತದೆ.

ಇದಕ್ಕೆ ಮದ್ದು ಇಲ್ಲಿಯೇ ಮಾಡಬೇಕು. ಹಳೆಯ ಫೋನೊಂದನ್ನು ಜೊತೆಗೆ ಒಯ್ಯಿರಿ. ಭಾರತದ ಸಿಮ್ ಅದರಲ್ಲಿ ಇರಲಿ, ಆ ಫೋನು ಚೀಲದ ತಳದಲ್ಲಿ ಇರಲಿ. ಕೈಯಲ್ಲಿ ಹಿಡಿದು ತಿರುಗುವ ಫೋನಿನಲ್ಲಿ ಆಯಾ ದೇಶದ ಸಿಮ್ ಅಥವಾ ಇ-ಸಿಮ್ ಹಾಕಿಕೊಳ್ಳಿ. ಹೊರಡುವ ಮುಂಚೆ ರೋಮಿಂಗ್ ಚಾಲೂ ಮಾಡಿಸಿ, ಓಟಿಪಿ ಬರುತ್ತದಾ ಅಂತ ಕಂಪನಿಯವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ರೀಚಾರ್ಜ್ ತಪ್ಪಿಸಬೇಡಿ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೇ ಇದ್ದರೆ ಅದು ನಿಂತುಹೋಗಬಹುದು, ಮುಂದೆ ಬೇರೆಯವರ ಕೈಗೂ ಹೋಗಬಹುದು. ಮನೆಯಲ್ಲಿ ಒಬ್ಬರಿಗೆ ಆ ರೀಚಾರ್ಜಿನ ಜವಾಬ್ದಾರಿ ಕೊಡಿ. ಇಮೇಲಿಗೆ ಓಟಿಪಿ ಇಲ್ಲದೆ ಒಳಹೋಗಲು ಬ್ಯಾಕಪ್ ಕೋಡುಗಳನ್ನು ಗೂಗಲ್ ಕೊಡುತ್ತದೆ. ಅವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆ ಕಾಗದವನ್ನು ಪಾಸ್‌ಪೋರ್ಟಿನ ಜೊತೆ ಇಡಬೇಡಿ, ಬೇರೆ ಕಡೆ ಇಡಿ.

ಕಾರ್ಡುಗಳ ವಿಷಯ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ಹೊರದೇಶದಲ್ಲಿ ತಾವಾಗಿ ನಡೆಯುವುದಿಲ್ಲ. ನೀವೇ ಬ್ಯಾಂಕಿನ ಆಪ್‌ನಲ್ಲಿ ಚಾಲೂ ಮಾಡಬೇಕು. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡು ಇರಲಿ. ಒಂದು ಜೇಬಿನಲ್ಲಿ, ಇನ್ನೊಂದು ಚೀಲದಲ್ಲಿ. ಸಾಧಾರಣ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಖರ್ಚಿನ ಮೇಲೆ 3.5 ಪರ್ಸೆಂಟಿನವರೆಗೂ ಹಿಡಿಯುತ್ತಾರೆ, ಅದರ ಮೇಲೆ ಜಿಎಸ್‌ಟಿ. ಒಂದು ಲಕ್ಷ ಖರ್ಚು ಮಾಡಿದರೆ 4,130 ರೂಪಾಯಿ ಸುಮ್ನೆ ಹೋಯಿತು. ಅಷ್ಟರಲ್ಲಿ ಎಷ್ಟೋ ಊರುಗಳಲ್ಲಿ ನಾಲ್ಕೈದು ದಿನ ಹಾಸ್ಟೆಲಿನಲ್ಲಿ ಉಳಿದು ಉಣ್ಣಬಹುದು. ಈ ಶುಲ್ಕ ಇಲ್ಲದ ಅಥವಾ ಕಡಿಮೆ ಇರುವ ಕಾರ್ಡುಗಳು ಇವೆ, ಹುಡುಕಿ ಮಾಡಿಸಿ. ಕಾರ್ಡ್ ಬರಲು ವಾರಗಳೇ ಹಿಡಿಯುತ್ತವೆ, ಆದ್ದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅಲ್ಲಿ ಎಟಿಎಂ ಅಥವಾ ಅಂಗಡಿಯ ಮಷಿನ್ 'ರೂಪಾಯಿಯಲ್ಲಿ ಕೊಡುತ್ತೀರಾ' ಅಂತ ಕೇಳಿದರೆ ಬೇಡ ಅನ್ನಿ. ಅವರ ದುಡ್ಡಿನಲ್ಲೇ ಕಟ್ಟಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ.

ನಗದು ಡಾಲರ್ ಒಂದಷ್ಟು ಇರಲೇಬೇಕು. ಸಾಮಾನ್ಯವಾಗಿ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ನೋಟಿನಲ್ಲಿ ಕೊಳ್ಳಬಹುದು. ಅಷ್ಟು ಬೇಡ, ಕೆಲವು ನೂರು ಸಾಕು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವವರ ಹತ್ತಿರವೇ ಕೊಂಡು ರಸೀದಿ ಇಟ್ಟುಕೊಳ್ಳಿ. ಒಂದೊಂದು ನೋಟನ್ನೂ ತಿರುಗಿಸಿ ನೋಡಿ. ಕಾಂಬೋಡಿಯಾ, ಲಾವೋಸ್ ಕಡೆ ಸ್ವಲ್ಪ ಹರಿದ, ಶಾಯಿ ಹತ್ತಿದ ಡಾಲರ್ ಯಾರೂ ಮುಟ್ಟುವುದಿಲ್ಲ.

ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು ಕೊಟ್ಟು ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ಅವಸರದಲ್ಲಿ ಅವರು ಕೊಡುವ ತುರ್ತು ಪ್ರಮಾಣಪತ್ರ ಮನೆಗೆ ವಾಪಸ್ ಬರಲು ಮಾತ್ರ. ಹೊಸ ಪಾಸ್‌ಪೋರ್ಟೇ ಬೇಕು ಅಂದರೆ ಕಾಯಬೇಕು, ಹಳೇ ವೀಸಾಗಳು ಹೋದಂತೆಯೇ.

ಇನ್ನು ಮೈಯ ವಿಷಯ. ಹಲ್ಲು ತೋರಿಸಿಕೊಳ್ಳಿ. ಇದನ್ನು ಯಾರೂ ನೆನಪಿಡುವುದಿಲ್ಲ. ಹುಳುಕು ಹಲ್ಲಿಗೆ ಇಲ್ಲಿ ಕೊಡುವ ದುಡ್ಡಿಗೂ ಯುರೋಪಿನಲ್ಲಿ ಕೊಡುವ ದುಡ್ಡಿಗೂ ಅಜಗಜಾಂತರ. ಇನ್ಶೂರೆನ್ಸ್ ಬಹಳ ಸಲ ಹಲ್ಲಿಗೆ ಪೂರ್ತಿ ಕೊಡುವುದಿಲ್ಲ. ಕನ್ನಡಕದವರು ಇನ್ನೊಂದು ಜೊತೆ ಒಯ್ಯಿರಿ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಕೀನ್ಯಾ, ಉಗಾಂಡಾ, ಬ್ರೆಜಿಲ್, ಪೆರುವಿನಂಥ ಕಡೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹೋಗುವ 10 ದಿನ ಮುಂಚೆಯಾದರೂ ಹಾಕಿಸಿಕೊಂಡಿರಬೇಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. 2016ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಅಲ್ಲಿಂದ ವಾಪಸ್ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಬೇರೆ ಇಡುತ್ತಾರೆ. ದಿನಾ ತಗೊಳ್ಳುವ ಮಾತ್ರೆ ಇದ್ದರೆ ಡಾಕ್ಟರ್ ಚೀಟಿ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ನೋವಿನ ಮಾತ್ರೆ ಯುಎಇಯಲ್ಲಿ ಅನುಮತಿ ಇಲ್ಲದೆ ಒಯ್ದರೆ ಜೈಲಿನವರೆಗೂ ಹೋಗಬಹುದು.

ಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತು. ನಮ್ಮ ಬಾಗಲಕೋಟೆ ಸಮುದ್ರಮಟ್ಟದಿಂದ 530 ಮೀಟರ್ ಆಸುಪಾಸಿನಲ್ಲಿದೆ. ಎವರೆಸ್ಟ್ ಬೇಸ್ ಕ್ಯಾಂಪ್ 5,364 ಮೀಟರ್. ನೀವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಉಸಿರಿಗೆ ಆ ಎತ್ತರ ಹೊಸದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗಬೇಡಿ. ಜಾಸ್ತಿ ಆದರೆ ತಕ್ಷಣ ಕೆಳಗಿಳಿಯಿರಿ. ಗೆಳೆಯರು ಮುಂದೆ ಹೋದರು ಅಂತ ಹಟ ಹಿಡಿದು ಜೀವ ಕಳೆದುಕೊಂಡವರಿದ್ದಾರೆ. ಇನ್ಶೂರೆನ್ಸ್ ಕಾಗದದಲ್ಲಿ ಎಷ್ಟು ಮೀಟರ್ ಎತ್ತರದವರೆಗೆ ಕೊಡುತ್ತಾರೆ ಅಂತ ಬರೆದಿರುತ್ತದೆ. ಅದನ್ನು ಓದಿಯೇ ಕೊಳ್ಳಿ.

ಅದೇ ಕಾಗದದಲ್ಲಿ ಬೈಕಿನ ಸಾಲನ್ನೂ ಓದಿ. ಆರ್‌ಟಿಓ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ. ಅದು ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1949ರ ಜಿನೀವಾ ಒಪ್ಪಂದದ ಪರವಾನಗಿ. ಥೈಲ್ಯಾಂಡ್ ಅದನ್ನು ಒಪ್ಪುತ್ತದೆ. ವಿಯೆಟ್ನಾಮ್ ಒಪ್ಪುವುದು 1968ರ ಒಪ್ಪಂದದ್ದನ್ನು, ಹಾಗಾಗಿ ನಮ್ಮದು ಅಲ್ಲಿ ನಡೆಯುವುದಿಲ್ಲ. ಅಲ್ಲಿ ಬಾಡಿಗೆ ಬೈಕು ಯಾರು ಕೇಳಿದರೂ ಕೊಡುತ್ತಾರೆ, ನಿಜ. ಬಿದ್ದು ಕಾಲು ಮುರಿದರೆ ಇನ್ಶೂರೆನ್ಸಿನವರು ಲೈಸೆನ್ಸ್ ಕೇಳುತ್ತಾರೆ. ಅಲ್ಲಿ ಬಸ್ಸು, ರೈಲು ಚೆನ್ನಾಗಿವೆ. ಅವುಗಳಲ್ಲೇ ಹೋಗಿ.

ಈಗ ಚೀಲಕ್ಕೆ ಬರೋಣ. 40ರಿಂದ 50 ಲೀಟರ್ ಸಾಕು. ತುಂಬಿದ ಮೇಲೆ 8–9 ಕಿಲೋ ದಾಟಬಾರದು. ಕೊಂಡ ಮೇಲೆ ಅದರೊಳಗೆ ಅಷ್ಟು ತೂಕದ ಜೋಳ ಹಾಕಿ, ಬಾದಾಮಿಗೆ ಹೋಗಿ ಉತ್ತರದ ಕೋಟೆಯ ಮೆಟ್ಟಿಲು ಹತ್ತಿ ಇಳಿಯಿರಿ. ಮಾರನೇ ದಿನ ನಸುಕಿನಲ್ಲಿ ಎದ್ದು ಬಾದಾಮಿಯಿಂದ ಪಟ್ಟದಕಲ್ಲಿಗೆ ನಡೆಯಿರಿ, 20 ಕಿಲೋಮೀಟರಿಗೂ ಜಾಸ್ತಿ ಆಗುತ್ತದೆ. ಬೂಟು ಎಲ್ಲಿ ಕಚ್ಚುತ್ತದೆ, ಪಟ್ಟಿ ಎಲ್ಲಿ ಒತ್ತುತ್ತದೆ ಎಲ್ಲ ಎರಡನೇ ದಿನ ಗೊತ್ತಾಗುತ್ತದೆ. ಹೊಸ ಬೂಟು ಹಾಕಿಕೊಂಡು ವಿಮಾನ ಹತ್ತಬೇಡಿ. ಜೀನ್ಸ್ ಒಂದೂ ಬೇಡ, ಒಣಗುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವಾಟ್-ಅವರ್ ಒಳಗಿರಬೇಕು. 20,000 ಎಂಎಎಚ್‌ನದು 74 ಆಗುತ್ತದೆ, ತೊಂದರೆ ಇಲ್ಲ. ಇಷ್ಟು ಸಾಕು ಚೀಲದ ಬಗ್ಗೆ.

ಬುತ್ತಿಯ ಬಗ್ಗೆ ಮಾತ್ರ ತಾಯಂದಿರು ಸ್ವಲ್ಪ ಗಮನ ಕೊಟ್ಟು ಕೇಳಬೇಕು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮೊದಲ ಕೆಲವು ದಿನಕ್ಕೆ ಬಹಳ ಒಳ್ಳೆಯದು. ಸಸ್ಯಾಹಾರಿಗಳಿಗಂತೂ ದೊಡ್ಡ ಆಸರೆ, ಯಾಕೆಂದರೆ ಥೈಲ್ಯಾಂಡ್, ವಿಯೆಟ್ನಾಮಿನಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಆದರೆ ಅಂಟಿನ ಉಂಡಿಗೆ, ಕರದಂಟಿಗೆ ಗಸಗಸೆ ಹಾಕಿದ್ದರೆ ಯುಎಇ ಅಥವಾ ಸಿಂಗಪುರದ ಮೇಲೆ ಹೋಗುವವರ ಕೈಗೆ ಕೊಡಬೇಡಿ. ಗಸಗಸೆ ಅಫೀಮಿನ ಗಿಡದ ಬೀಜ, ಆ ದೇಶಗಳಲ್ಲಿ ಅದಕ್ಕೆ ನಿಷೇಧ ಇದೆ. ಅಮೀನಗಡದ್ದೋ ಗೋಕಾಕದ್ದೋ ಕೊಂಡು ಕೊಡುವುದಾದರೆ ಪೊಟ್ಟಣದ ಮೇಲೆ ಬರೆದದ್ದನ್ನು ಓದಿ. ಒಣ ಕೊಬ್ಬರಿ ಬಟ್ಟಲನ್ನು ಚೆಕ್-ಇನ್ ಚೀಲದಲ್ಲಿ ಬಿಡುವುದಿಲ್ಲ. ಎಣ್ಣೆ ಅಂಶದಿಂದ ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು ಅನ್ನುವ ಕಾರಣಕ್ಕೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ತಿನ್ನುವ ಪ್ರತಿಯೊಂದನ್ನೂ ಅಲ್ಲಿ ಇಳಿಯುವಾಗ ತುಂಬುವ ಅರ್ಜಿಯಲ್ಲಿ ಬರೆದು ತೋರಿಸಬೇಕು. ಮುಚ್ಚಿಟ್ಟರೆ ಸ್ಥಳದಲ್ಲೇ ದಂಡ.

ಕೊನೆಯ ಕೆಲಸ ಮನೆಯದು. ನನ್ನ ಪ್ರಕಾರ ಇದೇ ದೊಡ್ಡದು, ಇದನ್ನೇ ಎಲ್ಲರೂ ಅವಸರದಲ್ಲಿ ಮುಗಿಸುತ್ತಾರೆ. 'ಎಲ್ಲಾ ಬಿಟ್ಟು ಅಲ್ಲೇನೈತಿ ಅಂತ ಹೊಂಟಿ?' ಅಂತ ಅವ್ವ ಕೇಳಿದಾಗ, 'ನಿಂಗ ಗೊತ್ತಾಗೂದಿಲ್ಲ ಬಿಡು' ಅಂದುಬಿಡುತ್ತೀರಿ. ಹಾಗೆ ಅನ್ನಬೇಡಿ. ಅವಳಿಗೆ ಗೊತ್ತಾಗುವಂತೆ ಹೇಳುವುದೂ ನಿಮ್ಮ ತಯಾರಿಯೇ. ನಕಾಶೆ ತೆರೆದು ಕುಳಿತುಕೊಳ್ಳಿ. ಮೊದಲು ಇಲ್ಲಿ, ಆಮೇಲೆ ಇಲ್ಲಿ, ಈ ಊರಿಂದ ಈ ಊರಿಗೆ ಬಸ್ಸು ಅಂತ ಬೆರಳಿಟ್ಟು ತೋರಿಸಿ. ಒಂದು ಲಕೋಟೆ ಮಾಡಿ. ಪಾಸ್‌ಪೋರ್ಟ್, ವೀಸಾದ ನಕಲು, ಇನ್ಶೂರೆನ್ಸ್ ನಂಬರು, ಬ್ಯಾಂಕಿನ ಸಹಾಯವಾಣಿ, ಆ ದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳ ಫೋನು ಅದರಲ್ಲಿರಲಿ. ದೇವರ ಮನೆಯ ಗೂಡಿನಲ್ಲಿ ಇಟ್ಟರೂ ಸರಿ, ಎಲ್ಲಿದೆ ಅಂತ ಮನೆಯ ಇಬ್ಬರಿಗಾದರೂ ಗೊತ್ತಿರಲಿ. ವಾರಕ್ಕೆ ಒಂದು ದಿನ ಫೋನಿಗೆ ಗೊತ್ತು ಮಾಡಿ. ಬೆಟ್ಟದಲ್ಲಿ ಸಿಗ್ನಲ್ ಇಲ್ಲದ ದಿನಗಳನ್ನು ಮುಂಚೆಯೇ ಹೇಳಿ. ಹೇಳಿದ ದಿನ ದಾಟಿ ಇನ್ನೂ ಎರಡು ದಿನ ಸುದ್ದಿ ಬರಲಿಲ್ಲ ಅಂದರೆ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಬರೆದಿಡಿ.

ಪಾಲಕರಿಗೂ ಒಂದು ಕೇಳಿಕೆ ಇದೆ. ಮಗ ದೂರ ಇದ್ದಾನೆ, ಮಗಳಿಗೆ ಸುಮ್ನೆ ಯಾಕೆ ಚಿಂತೆ ಅಂತ ಕಾಯಿಲೆ ಮುಚ್ಚಿಡುತ್ತೀರಿ. ಎದೆನೋವು ಬಂದು ಆಸ್ಪತ್ರೆ ಸೇರಿದ್ದನ್ನೂ 'ಸ್ವಲ್ಪ ಗ್ಯಾಸ್ ಆಗಿತ್ತು' ಅನ್ನುತ್ತೀರಿ. ಇದರಿಂದ ಏನಾಗುತ್ತದೆ ಗೊತ್ತಾ? ಅಲ್ಲಿರುವ ಮಗುವಿಗೆ ನಿಮ್ಮ ಯಾವ ಮಾತಿನ ಮೇಲೂ ಭರವಸೆ ಉಳಿಯುವುದಿಲ್ಲ. ನೀವು ಚೆನ್ನಾಗಿದ್ದೇವೆ ಅಂದಾಗಲೂ ಅವರು ರಾತ್ರಿ ನಿದ್ದೆ ಮಾಡುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುತ್ತೇವೆ ಅಂತ ಇಬ್ಬರೂ ಮಾತು ಕೊಟ್ಟುಕೊಳ್ಳಿ. ಮಕ್ಕಳು ವಾಪಸ್ ಬರುವ ಟಿಕೆಟ್ಟಿನಷ್ಟು ದುಡ್ಡನ್ನು ಬೇರೆಯೇ ಖಾತೆಯಲ್ಲಿ ಇಡಲಿ, ಅದನ್ನು ಯಾವ ಬೆಟ್ಟ, ಯಾವ ಸಮುದ್ರ ಕರೆದರೂ ಮುಟ್ಟದಿರಲಿ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಡುತ್ತೇನೆ.

ಮಗಳು ಒಬ್ಬಳೇ ಹೋಗುತ್ತೇನೆ ಅನ್ನುತ್ತಾಳೆ, ಕಳಿಸಬಹುದೇನ್ರಿ ಅಂತ ಒಬ್ಬ ತಾಯಿ ಕೇಳಿದರು. ಕಳಿಸಬಹುದು ತಾಯಿ. ಒಬ್ಬರೇ ತಿರುಗುವ ಹೆಣ್ಣುಮಕ್ಕಳು ಆ ದಾರಿಗಳಲ್ಲಿ ಬಹಳ ಇದ್ದಾರೆ, ಎಲ್ಲ ದೇಶದವರೂ ಇದ್ದಾರೆ. ಹೊಸ ಊರಿಗೆ ಬೆಳಕಿರುವಾಗ ತಲುಪುವ ಬಸ್ಸು, ವಿಮಾನವನ್ನೇ ಆರಿಸಲಿ, ನೂರಿನ್ನೂರು ಜಾಸ್ತಿಯಾದರೂ ಸರಿ. ಮೊದಲ ಎರಡು ರಾತ್ರಿಯ ಜಾಗ ಇಲ್ಲಿಂದಲೇ ಗೊತ್ತು ಮಾಡಲಿ. ಬಹಳ ಹಾಸ್ಟೆಲುಗಳಲ್ಲಿ ಹೆಂಗಸರಿಗೇ ಬೇರೆ ಕೋಣೆ ಇರುತ್ತದೆ. ಮನಸ್ಸಿಗೆ ಸರಿ ಕಾಣದ ಜಾಗದಿಂದ ಕಾರಣ ಹೇಳದೆ ಎದ್ದು ಬರಬಹುದು, ಕಟ್ಟಿದ ದುಡ್ಡು ಹೋದರೆ ಹೋಗಲಿ ಅಂತ ನೀವೇ ಅವಳಿಗೆ ಬಾಯಿಬಿಟ್ಟು ಹೇಳಿ. ಆ ಮಾತು ಅವಳ ಜೊತೆ ಇರುತ್ತದೆ.

ದಾರಿಯಲ್ಲಿ ಕೆಲಸ ಮಾಡಿ ದುಡಿಯಬಹುದಾ ಅಂತ ಒಬ್ಬ ಹುಡುಗ ಕೇಳಿದ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಬ್ಯಾಂಕಾಕಿಗೆ ಬಾ, ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಲಕ್ಷ ಸಂಬಳ ಅಂತ ಯಾರಾದರೂ ಟೆಲಿಗ್ರಾಮಿನಲ್ಲಿ ಕರೆದರೆ ಹೋಗಬೇಡ. ಹೀಗೆ ಹೋದವರನ್ನು ಥೈಲ್ಯಾಂಡಿನ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆ ಕೂಡಿಹಾಕಿ ಸೈಬರ್ ವಂಚನೆ ಮಾಡಿಸಿದ್ದಾರೆ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ಕರೆತರಬೇಕಾಯಿತು. ಕಾನೂನು ಪ್ರಕಾರವೇ ದುಡಿಯುತ್ತ ತಿರುಗಬೇಕು ಅಂದರೆ ಆಸ್ಟ್ರೇಲಿಯಾದ ಕೆಲಸ ಮತ್ತು ರಜೆಯ ವೀಸಾ ಇದೆ. 18ರಿಂದ 30 ವರ್ಷದವರಿಗೆ, ಭಾರತಕ್ಕೆ ವರ್ಷಕ್ಕೆ 1,000 ಜಾಗ. ಚೀಟಿ ಎತ್ತಿ ಆರಿಸುತ್ತಾರೆ. ಡಿಗ್ರಿ ಓದುತ್ತಿರುವವರು ಅದರ ಮೇಲೆ ಕಣ್ಣಿಡಬಹುದು.

ಮೊದಲ ಸಲಕ್ಕೆ ಯಾವ ದೇಶ ಅನ್ನುವುದು ಕೊನೆಯ ಪ್ರಶ್ನೆ. ನೇಪಾಳ. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವಾದರೆ ಮತದಾರರ ಗುರುತಿನ ಚೀಟಿ ನಡೆಯುತ್ತದೆ, ಆಧಾರನ್ನು ನೆಚ್ಚಿಕೊಳ್ಳಬೇಡಿ. ನಮ್ಮ ಒಂದು ರೂಪಾಯಿಗೆ ಅವರ 1.6 ರೂಪಾಯಿ, ಆ ದರ ಬದಲಾಗುವುದಿಲ್ಲ. ಬಹಳ ಅಂಗಡಿಗಳಲ್ಲಿ ಯುಪಿಐ ಕೂಡ ನಡೆಯುತ್ತದೆ. ಅನ್ನಪೂರ್ಣ ಬೆಟ್ಟಗಳ ಪ್ರವೇಶಕ್ಕೆ ಬೇರೆ ದೇಶದವರಿಗೆ 3,000 ನೇಪಾಳಿ ರೂಪಾಯಿ, ದಕ್ಷಿಣ ಏಷ್ಯಾದ ಸಾರ್ಕ್ ಕೂಟದ ದೇಶದವರಾದ ನಮಗೆ 1,000. ದಾಲ್ ಭಾತ್ ಎಲ್ಲ ಕಡೆ ಸಿಗುವುದರಿಂದ ಊಟದ ಚಿಂತೆ ಇಲ್ಲ. ಪುಣೆಗೆ ಹೋಗಿ ಗೋರಖಪುರದ ರೈಲು ಹಿಡಿಯಿರಿ. ಅಲ್ಲಿಂದ ಬಸ್ಸಿನಲ್ಲಿ ಸೊನೌಲಿ ಗಡಿ, ನಡೆದು ದಾಟಿದರೆ ಆ ಕಡೆ ಪೋಖರಾಕ್ಕೆ ಬಸ್ಸು. ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ. ನಮ್ಮ ದಸರೆಯ ಹೊತ್ತಿಗೇ ಅವರಿಗೆ ದಶೈಂ ಹಬ್ಬ. ಆ ವಾರ ಎಲ್ಲರೂ ಊರಿಗೆ ಹೋಗುವುದರಿಂದ ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ, ಅದು ಮುಗಿದ ಮೇಲೆ ಹೊರಡಿ.